ಕೈಗಡಿಯಾರದ ಹ್ಯಾನ್ಸ್ ವಿಲ್ಸ್‌ಡಾರ್ಫ್

ಮಕ್ಕಳೇ, ಚಿಪ್ಪಗಿರಿಯಲ್ಲಾಗಲಿ ಆದೋನಿಯಲ್ಲಾಗಲಿ, ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹಿಂದೆ ಕೈಗಡಿಯಾರಕ್ಕೆ ದಿನವೂ ಕೀ ಕೊಡಬೇಕಾಗಿತ್ತು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ 1961ರಲ್ಲಿ ಅಂತಹ ಕೈಗಡಿಯಾರಗಳನ್ನು ತಯಾರಿಸತೊಡಗಿತು. ಅದಕ್ಕೂ ಬಹಳ ಮೊದಲು, ಕೈಗಡಿಯಾರವನ್ನು ಜನರು ನಂಬದೇ ಇದ್ದ ಕಾಲವೊಂದಿತ್ತು. ಆಗ ಅದಕ್ಕೆ ಬೆಲೆ ತಂದುಕೊಟ್ಟವರೊಬ್ಬರ ಕಥೆಯನ್ನು ತಿಳಿಯೋಣ.

ಹ್ಯಾನ್ಸ್ ವಿಲ್ಸ್‌ಡಾರ್ಫ್ 1881ರಲ್ಲಿ ಜರ್ಮನಿ ದೇಶದ ಕುಲ್ಮ್‌ಬಾಕ್ ಎಂಬ ಊರಿನಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿಗೇ ತಂದೆತಾಯಿಯರನ್ನು ಕಳೆದುಕೊಂಡರು. ಬಂಧುಗಳು ಮನೆಯ ಅಂಗಡಿಯನ್ನು ಮಾರಿ, ಬಾಲಕನನ್ನು ವಸತಿಶಾಲೆಗೆ ಸೇರಿಸಿದರು. ಅಲ್ಲಿ ಹ್ಯಾನ್ಸ್ ಗಣಿತವನ್ನೂ ಭಾಷೆಗಳನ್ನೂ ಶ್ರದ್ಧೆಯಿಂದ ಕಲಿತರು.

1900ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಗಡಿಯಾರ ವ್ಯಾಪಾರಿಗಳೊಬ್ಬರ ಬಳಿ ಗುಮಾಸ್ತರಾದರು. ಪ್ರತಿದಿನ ನೂರಾರು ಜೇಬುಗಡಿಯಾರಗಳಿಗೆ ಕೀ ಕೊಟ್ಟು, ಸಮಯ ಸರಿಯಾಗಿದೆಯೇ ಎಂದು ನೋಡುವುದೂ ಅವರ ಕೆಲಸವಾಗಿತ್ತು. 1905ರಲ್ಲಿ ಲಂಡನ್ನಿನಲ್ಲಿ ಭಾವಮೈದುನನೊಡನೆ ಸ್ವಂತ ವ್ಯಾಪಾರ ಆರಂಭಿಸಿದರು. 1908ರಲ್ಲಿ ತಮ್ಮ ಗಡಿಯಾರಗಳಿಗೆ ರೋಲೆಕ್ಸ್ ಎಂಬ ಚಿಕ್ಕ ಹೆಸರಿಟ್ಟರು.

ಆಗ ಗಂಡಸರು ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಕೈಗಡಿಯಾರ ಹೆಂಗಸರ ಒಡವೆ, ಅದು ಸರಿಯಾದ ಸಮಯ ತೋರಿಸದು ಎಂದು ಜನ ನಗುತ್ತಿದ್ದರು. ವಿಲ್ಸ್‌ಡಾರ್ಫ್ ವಾದಕ್ಕೆ ಇಳಿಯಲಿಲ್ಲ. ತಮ್ಮ ಗಡಿಯಾರವನ್ನು ಪರೀಕ್ಷೆಗೆ ಕಳುಹಿಸಿದರು! 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯದಲ್ಲಿ ಅದನ್ನು 45 ದಿನಗಳ ಕಾಲ ಚಳಿಯಲ್ಲೂ ಬಿಸಿಯಲ್ಲೂ ಇಟ್ಟು ನೋಡಿದರು. ಗಡಿಯಾರ ಗೆದ್ದಿತು.

ಮುಂದೆ ಇಂಗ್ಲೆಂಡಿನಲ್ಲಿ ಸುಂಕ ಹೆಚ್ಚಿದ್ದರಿಂದ ಅವರು ಸ್ವಿಟ್ಜರ್ಲೆಂಡಿನ ಜಿನೀವಾ ನಗರಕ್ಕೆ ಬಂದು ನೆಲೆಸಿದರು. ಧೂಳು, ನೀರು ಒಳಗೆ ಹೋದರೆ ಗಡಿಯಾರ ಕೆಡುತ್ತದೆಯಲ್ಲವೇ? ಅದಕ್ಕಾಗಿ 1926ರಲ್ಲಿ ಬಿಗಿಯಾಗಿ ಮುಚ್ಚುವ ಗಡಿಯಾರ ಹೊರತಂದರು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಧರಿಸಿ ಕೊರೆಯುವ ಕಡಲಿನಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಈಜಿದರು. ಗಡಿಯಾರ ನಿಲ್ಲಲಿಲ್ಲ. 1931ರಲ್ಲಿ ಕೈಯ ಚಲನೆಯಿಂದಲೇ ಕೀ ತಿರುಗುವ ಗಡಿಯಾರವೂ ಬಂದಿತು.

ವಿಲ್ಸ್‌ಡಾರ್ಫ್ ದಂಪತಿಗಳಿಗೆ ಮಕ್ಕಳಿರಲಿಲ್ಲ. 1944ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಅವರು ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಮುಂದೆ ತಮ್ಮ ಸಂಸ್ಥೆ ಅದಕ್ಕೇ ಸೇರುವಂತೆ ಮಾಡಿದರು. 1960ರಲ್ಲಿ ಅವರು ನಿಧನರಾದರು. ಆ ಪ್ರತಿಷ್ಠಾನ ಇಂದಿಗೂ ದಾನಧರ್ಮದ ಕೆಲಸಗಳಿಗೆ ನೆರವಾಗುತ್ತಿದೆ.

ನೋಡಿದಿರಾ ಮಕ್ಕಳೇ! ನಕ್ಕವರಿಗೆ ಅವರು ಮಾತಿನಿಂದ ಉತ್ತರ ಕೊಡಲಿಲ್ಲ, ಕೆಲಸದಿಂದ ಕೊಟ್ಟರು. ನಿಮ್ಮನ್ನು ನೋಡಿ ಯಾರಾದರೂ ನಕ್ಕರೆ ನೀವು ಏನು ಮಾಡುವಿರಿ?