ವಿಷ ಉಣ್ಣುವ ಪಡೆ ಕಟ್ಟಿದ ಡಾಕ್ಟರ್ ವೈಲಿ

ಒಂದು ಒಳ್ಳೆ ಕಾನೂನು ಪಾಸಾದ್ರೆ ಗೆದ್ದಂತೆ ಅಂತ ನಾವು ಅಂದ್ಕೋತೀವಿ. ಅಮೆರಿಕದ ಹಾರ್ವಿ ವಾಷಿಂಗ್ಟನ್ ವೈಲಿಯ ಬದುಕು ಓದಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ.

ವೈಲಿ ಹುಟ್ಟಿದ್ದು 1844ರಲ್ಲಿ, ಇಂಡಿಯಾನಾದ ಒಂದು ರೈತ ಮನೆಯಲ್ಲಿ. ವೈದ್ಯಕೀಯ ಓದಿದ, ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. 1883ರಲ್ಲಿ ಕೇಂದ್ರ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞನಾಗಿ ವಾಷಿಂಗ್ಟನ್‌ಗೆ ಬಂದ. ಆಗ ಅಲ್ಲಿ ಹಾಲು ಕೆಡದಿರಲಿ ಅಂತ ಫಾರ್ಮಾಲ್ಡಿಹೈಡ್, ಮಾಂಸಕ್ಕೆ ಬೋರಾಕ್ಸ್ ಬೆರೆಸುತ್ತಿದ್ದರು. ಇದನ್ನು ತಡೆಯುವ ರಾಷ್ಟ್ರಮಟ್ಟದ ಕಾನೂನೇ ಇರಲಿಲ್ಲ. ಮಸೂದೆಗಳು ಬರ್ತಿದ್ದವು, ಸಂಸತ್ತಿನಲ್ಲೇ ಸಾಯ್ತಿದ್ದವು.

1902ರಲ್ಲಿ ಸಂಸತ್ತು ಕೊಟ್ಟ 5,000 ಡಾಲರ್‌ನಲ್ಲಿ ವೈಲಿ ತನ್ನ ಕಚೇರಿಯ ನೆಲಮಾಳಿಗೆಯಲ್ಲಿ ಊಟದ ಮನೆ ಶುರುಮಾಡಿದ. 12 ಮಂದಿ ಯುವಕರು ಸ್ವಇಚ್ಛೆಯಿಂದ ಬಂದರು. ಪುಕ್ಕಟೆ ಊಟ, ಜೊತೆಗೆ ಅಳತೆ ಮಾಡಿದ ಬೋರಾಕ್ಸ್. ಮೊದಲು ಬೆಣ್ಣೆಯಲ್ಲಿ ಬಚ್ಚಿಟ್ಟರು. ಹುಡುಗರು ಬೆಣ್ಣೆ ಮುಟ್ಟುವುದನ್ನೇ ಬಿಟ್ಟಾಗ ಕ್ಯಾಪ್ಸೂಲ್‌ನಲ್ಲಿ ಕೊಟ್ಟರು. ಹೊಟ್ಟೆನೋವು, ತಲೆನೋವು ಎಲ್ಲ ದಾಖಲಾಯಿತು. ಪತ್ರಿಕೆಗಳು ಇವರನ್ನು ವಿಷದ ಪಡೆ ಅಂತ ಕರೆದವು. ಏನಾದರೂ ಆದರೆ ಸರ್ಕಾರವನ್ನು ಹೊಣೆ ಮಾಡಲ್ಲ ಅಂತ ಅವರಿಂದ ಸಹಿ ಹಾಕಿಸಿಕೊಂಡಿದ್ದರು. ಇಂದು ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು.

ಆದರೆ ಜನ ಎಚ್ಚೆತ್ತರು. ಮಹಿಳಾ ಸಂಘಗಳು ಬೆನ್ನಿಗೆ ನಿಂತವು. 1906ರಲ್ಲಿ ಅಪ್ಟನ್ ಸಿಂಕ್ಲೇರ್‌ನ ಕಾದಂಬರಿ ಷಿಕಾಗೋ ಕಸಾಯಿಖಾನೆಗಳ ಕೊಳಕನ್ನು ಬಯಲಿಗೆ ತಂದಿತು. ಅದೇ ವರ್ಷ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯ್ದೆಗೆ ಸಹಿ ಹಾಕಿದರು. ಕಲಬೆರಕೆ ಮಾಲು, ಸುಳ್ಳು ಲೇಬಲ್ ಎರಡೂ ಅಪರಾಧವಾದವು.

ಅಸಲಿ ಜಗಳ ಶುರುವಾದದ್ದೇ ಆಮೇಲೆ. ಹಾನಿಕರ ವಸ್ತು ಬೆರೆಸಬಾರದು ಅಂತ ಕಾಯ್ದೆ ಹೇಳಿತ್ತು. ಆದರೆ ಯಾವುದು ಹಾನಿಕರ, ಅದನ್ನು ತೀರ್ಮಾನಿಸುವವರು ಯಾರು? ಸೋಡಿಯಂ ಬೆಂಜೊಯೇಟ್, ಸ್ಯಾಕರಿನ್ ಬೇಡ ಅಂದ ವೈಲಿ. ಸ್ಯಾಕರಿನ್ ತಿನ್ನುತ್ತಿದ್ದ ರೂಸ್‌ವೆಲ್ಟ್ ಅವರೇ ಸಿಟ್ಟಾದರು. 1908ರಲ್ಲಿ ಐರಾ ರೆಮ್ಸೆನ್ ಮುಂದಾಳತ್ವದ ತಜ್ಞರ ಮಂಡಳಿಯೊಂದು ವೈಲಿಯ ತಲೆಯ ಮೇಲೆ ಕೂತಿತು. ಸ್ಯಾಕರಿನ್ ಪತ್ತೆಯಾದದ್ದು ಇದೇ ರೆಮ್ಸೆನ್‌ನ ಪ್ರಯೋಗಾಲಯದಲ್ಲಿ! ಮಂಡಳಿ ಬೆಂಜೊಯೇಟ್‌ಗೆ ಹಸಿರು ನಿಶಾನೆ ತೋರಿತು. 1911ರಲ್ಲಿ ಸಿಬ್ಬಂದಿ ಸಂಬಳದ ನೆಪದಲ್ಲಿ ವೈಲಿಯನ್ನೇ ಕೆಲಸದಿಂದ ತೆಗೆಯಲು ನೋಡಿದರು. ಅಧ್ಯಕ್ಷ ಟಾಫ್ಟ್ ಬಿಡಲಿಲ್ಲ. ಮರುವರ್ಷ ವೈಲಿಯೇ ರಾಜೀನಾಮೆ ಕೊಟ್ಟು, ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ಪ್ರಯೋಗಾಲಯ ಸೇರಿ ಅಲ್ಲಿಂದಲೇ ಆಹಾರ ಪರೀಕ್ಷೆ ಮುಂದುವರಿಸಿದ.

ವೈಲಿ ಹೇಳಿದ್ದೆಲ್ಲ ಸರಿ ಅಂತ ನಾನು ವಾದಿಸಲ್ಲ. ಬೆಂಜೊಯೇಟ್, ಸ್ಯಾಕರಿನ್ ಎರಡೂ ಇಂದು ಮಿತಿಯೊಳಗೆ ಬಳಕೆಯಲ್ಲಿವೆ. ಕೋಕಾ ಕೋಲಾದ ಕೆಫೀನ್ ಮೇಲಿನ ಆತನ ಕೋಪವೂ ಅತಿಯಾಯಿತೇನೋ. ಆದರೆ ತಪ್ಪನ್ನು ವಿಜ್ಞಾನ ತಿದ್ದುವುದು ಬೇರೆ, ಉದ್ಯಮದ ಒತ್ತಡ ಬಾಯಿ ಮುಚ್ಚಿಸುವುದು ಬೇರೆ. 1929ರಲ್ಲಿ ಹೊರಬಂದ ವೈಲಿಯ ಪುಸ್ತಕದ ವಿಷಯವೂ ಅದೇ: ತನ್ನ ಕಾನೂನನ್ನು ಜಾರಿಯ ಹಂತದಲ್ಲಿ ಕೊಂದ ಕಥೆ.

1930ರ ಜೂನ್ 30ರಂದು, ಕಾಯ್ದೆಗೆ ಸಹಿ ಬಿದ್ದು ಸರಿಯಾಗಿ 24 ವರ್ಷಕ್ಕೆ, ವೈಲಿ ತೀರಿಕೊಂಡ. ಕಾಯ್ದೆ ಬಂದಾಗ ಚಪ್ಪಾಳೆ ತಟ್ಟೋಣ, ಆದರೆ ಮಾರನೇ ದಿನ ಸಮಿತಿಯ ಕುರ್ಚಿಯಲ್ಲಿ ಯಾರು ಕೂರ್ತಾರೆ ಅಂತ ಕೇಳೋದನ್ನ ಮರೆಯಬಾರದು.