ಸೆರೆವಾಸದ ಸಾಕ್ಷಿ ಪ್ರವಾದಿ ಯೆರೆಮೀಯ

ಹಳೆಯ ಒಡಂಬಡಿಕೆಯ ಚರಿತ್ರೆಯಲ್ಲಿ ಬಾಬಿಲೋನಿನ ಸೆರೆವಾಸ ಒಂದು ಆರದ ಗಾಯ. ತಾಯ್ನಾಡನ್ನು ಕಳೆದುಕೊಂಡು ಪರದೇಶಕ್ಕೆ ನಡೆದ ಯೆಹೂದ್ಯರ ಆ ವಲಸೆ ನಿಜವಾಗಿ ನಡೆದುದೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಉತ್ತರವನ್ನು ಅರಸುವವರು ಅದೆಲ್ಲವನ್ನೂ ಕಣ್ಣಾರೆ ಕಂಡ ಪ್ರವಾದಿ ಯೆರೆಮೀಯನ ಬಾಳನ್ನು ಅರಿಯುವುದು ಒಳಿತು.

ಜೆರುಸಲೇಮಿಗೆ ಕೆಲವೇ ಕಿಲೋಮೀಟರ್ ದೂರದ ಅನಾತೋತ್ ಅವನ ಹುಟ್ಟೂರು. ತಂದೆ ಹಿಲ್ಕೀಯನು ಯಾಜಕ ಮನೆತನದವನು. ಅರಸ ಯೋಷೀಯನ ಆಳ್ವಿಕೆಯ 13ನೆಯ ವರ್ಷದಲ್ಲಿ, ಅಂದರೆ ಕ್ರಿ.ಪೂ. 627ರ ಸುಮಾರಿಗೆ, ದೇವರ ಕರೆ ಬಂದಾಗ ಅವನು ತಾನಿನ್ನೂ ಎಳೆಯನೆಂದು ಹಿಂಜರಿದನು. ಆದರೂ ಓಗೊಟ್ಟನು. ಮದುವೆ, ಮಕ್ಕಳು, ಗೆಳೆಯರ ಸಂಭ್ರಮ ಯಾವುದೂ ಅವನ ಪಾಲಿಗೆ ಬರಲಿಲ್ಲ.

ಕ್ರಿ.ಪೂ. 605ರಲ್ಲಿ ಕರ್ಕೆಮೀಷಿನ ಕಾಳಗದಲ್ಲಿ ಈಜಿಪ್ಟನ್ನು ಸೋಲಿಸಿದ ನೆಬೂಕದ್ನೆಚ್ಚರನು ಆ ಸೀಮೆಯ ಒಡೆಯನಾದನು. ಪಾಪವನ್ನು ತೊರೆಯದಿದ್ದರೆ ನಾಡು ಅವನ ಕೈವಶವಾಗುವುದೆಂದು ಯೆರೆಮೀಯನು ಎಚ್ಚರಿಸಿದನು. ಲೇಖಕ ಬಾರೂಕನ ಕೈಯಿಂದ ಬರೆಸಿದ ಸುರುಳಿಯನ್ನು ಅರಸ ಯೆಹೋಯಾಕೀಮನು ತುಂಡುತುಂಡಾಗಿ ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆದನು. ಪ್ರವಾದಿಯು ಅದನ್ನು ಮತ್ತೆ ಬರೆಸಿದನು.

ಕ್ರಿ.ಪೂ. 597ರಲ್ಲಿ ಜೆರುಸಲೇಮ್ ಶರಣಾಯಿತು. ತರುಣ ಅರಸ ಯೆಹೋಯಾಖೀನನೂ ಕುಶಲಕರ್ಮಿಗಳೂ ಬಾಬಿಲೋನಿಗೆ ಗಡೀಪಾರಾದರು. ಇದಕ್ಕೆ ಪವಿತ್ರ ಗ್ರಂಥವೊಂದೇ ಆಧಾರವಲ್ಲ. ನಗರವನ್ನು ಹಿಡಿದು ತನಗೊಪ್ಪುವ ಅರಸನನ್ನು ನೇಮಿಸಿದ ಸಂಗತಿಯನ್ನು ಬಾಬಿಲೋನಿನವರೇ ಮಣ್ಣಿನ ಫಲಕದಲ್ಲಿ ದಾಖಲಿಸಿದ್ದು, ಅದು 1956ರಲ್ಲಿ ಪ್ರಕಟವಾಯಿತು. ಸೆರೆಯಲ್ಲಿದ್ದ ಯೆಹೋಯಾಖೀನನಿಗೂ ಅವನ ಐವರು ಪುತ್ರರಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕ ಬಾಬಿಲೋನಿನ ಅವಶೇಷಗಳಲ್ಲೇ ದೊರೆತಿದೆ.

ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಹನನ್ಯನಂಥ ಸುಳ್ಳು ಪ್ರವಾದಿಗಳು ನಂಬಿಸುತ್ತಿದ್ದರು. ಯೆರೆಮೀಯನು ಗಡೀಪಾರಾದವರಿಗೆ ಪತ್ರ ಬರೆದು, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ತಿಳಿಸಿದನು. ಸಿಹಿಮಾತನ್ನೇ ಬಯಸಿದವರಿಗೆ ಅವನು ದೇಶದ್ರೋಹಿಯಾಗಿ ಕಂಡನು.

ಅರಸ ಚಿದ್ಕೀಯನು ದಂಗೆಯೆದ್ದಾಗ ಶತ್ರುಸೇನೆ ಮತ್ತೆ ಮುತ್ತಿತು. ಆ ದಿನಗಳ ಆತಂಕವನ್ನು 1935ರಲ್ಲಿ ಲಾಕೀಷಿನ ಉತ್ಖನನದಲ್ಲಿ ಸಿಕ್ಕ ಮಡಕೆಚೂರುಗಳ ಬರಹ ಇಂದಿಗೂ ಹೇಳುತ್ತದೆ. ಶರಣಾಗಲು ಸಲಹೆಯಿತ್ತ ಯೆರೆಮೀಯನನ್ನು ಅಧಿಕಾರಿಗಳು ಕೆಸರುಬಾವಿಗೆ ಇಳಿಸಿದರು. ಅರಮನೆಯ ಸೇವಕ, ಕೂಷ್ ನಾಡಿನ ಎಬೆದ್ಮೆಲೆಕನು ಹಳೆಯ ಬಟ್ಟೆಚಿಂದಿಗಳನ್ನೂ ಹಗ್ಗಗಳನ್ನೂ ಇಳಿಬಿಟ್ಟು ಮೇಲಕ್ಕೆತ್ತಿದನು. ಸೆರೆಯಲ್ಲಿದ್ದುಕೊಂಡೇ, ಮುತ್ತಿಗೆಯ ನಡುವೆ, ಯೆರೆಮೀಯನು 17 ಬೆಳ್ಳಿ ಶೆಕೆಲ್ ತೆತ್ತು ಅನಾತೋತಿನ ಹೊಲವನ್ನು ಕೊಂಡನು. ಈ ನಾಡಿನಲ್ಲಿ ಮತ್ತೆ ಕೊಳ್ಳುಕೊಡುವಿಕೆ ನಡೆಯುವುದೆಂಬ ನಂಬಿಕೆಗೆ ಆ ಕ್ರಯಪತ್ರವೇ ಸಾಕ್ಷಿಯಾಯಿತು.

ಕ್ರಿ.ಪೂ. 587ರ ಸುಮಾರಿಗೆ ನಗರವೂ ಮಹಾದೇವಾಲಯವೂ ಬೆಂಕಿಗೆ ಆಹುತಿಯಾದವು. ಬಾಬಿಲೋನಿಗೆ ಹೋಗುವ ಸ್ವಾತಂತ್ರ್ಯವಿದ್ದರೂ ಯೆರೆಮೀಯನು ಅಳಿದುಳಿದ ಬಡವರೊಂದಿಗೆ ನಿಂತನು. ರಾಜ್ಯಪಾಲ ಗೆದಲ್ಯನ ಕೊಲೆಯಾದ ಮೇಲೆ ಹೆದರಿದ ಜನ ಈಜಿಪ್ಟಿಗೆ ಓಡಲು ಹೊರಟರು. ಬೇಡವೆಂದು ಸಾರಿ ಹೇಳಿದ ಪ್ರವಾದಿಯನ್ನೇ ತಮ್ಮೊಡನೆ ಕರೆದೊಯ್ದರು. ಅಲ್ಲಿಂದ ಅವನು ಮರಳಿದ ಸುದ್ದಿಯಿಲ್ಲ. ಸ್ವಜನರೇ ಕಲ್ಲೆಸೆದು ಕೊಂದರೆಂಬುದು ಪರಂಪರೆಯ ಮಾತು.

ಪವಿತ್ರ ಗ್ರಂಥದ ಹೊರಗಿನ ಯಾವ ಸಮಕಾಲೀನ ಬರಹದಲ್ಲೂ ಯೆರೆಮೀಯನ ಹೆಸರು ದೊರೆತಿಲ್ಲ. ಆದರೆ ಬಾಬಿಲೋನಿಯದಲ್ಲಿ ಯೆಹೂದ್ಯರು ನೆಲೆಸಿದ್ದ ಅಲ್-ಯಾಹೂದು ಎಂಬ ಊರಿನ ಮಣ್ಣಿನ ಫಲಕಗಳು 2014ರಲ್ಲಿ ಪ್ರಕಟವಾದವು. ಅವುಗಳಲ್ಲಿ ಅತ್ಯಂತ ಹಳೆಯದು ಕ್ರಿ.ಪೂ. 572ರದು. ಗಡೀಪಾರಾದವರೂ ಅವರ ಮಕ್ಕಳೂ ಹೊಲ ಉತ್ತು, ಗೇಣಿ ತೆತ್ತು, ಸಾಲ ಪಡೆದು, ಮಕ್ಕಳಿಗೆ ತಮ್ಮ ದೇವರ ನಾಮವನ್ನು ಕೂಡಿಸಿ ಹೆಸರಿಟ್ಟ ಬಾಳು ಅಲ್ಲಿ ಕಾಣುತ್ತದೆ. ಪತ್ರ ಬರೆದವನ ಹೆಸರು ಆ ಮಣ್ಣಿನಲ್ಲಿಲ್ಲ. ಅವನು ಬಯಸಿದ ಬದುಕು ಅಲ್ಲಿದೆ. ಪರ್ಷಿಯದ ಸೈರಸನು ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಬಳಿಕ ಅವರಲ್ಲಿ ಹಲವರು ತಾಯ್ನಾಡಿಗೆ ಮರಳಿದರು. ತಾನು ಕಾಣದ ನಾಳೆಗಾಗಿ ಹೊಲ ಕೊಂಡವನ ನಂಬಿಕೆ ಹುಸಿಯಾಗಲಿಲ್ಲ.