ಫಿಲಿಪ್ ಹೆಂಚ್

ಕೀಲುನೋವುಗಳಲ್ಲೆಲ್ಲ ಕ್ರೂರವಾದದ್ದು ಸಂಧಿವಾತ. ಅದು ಒಮ್ಮೆಗೇ ಕೊಲ್ಲುವುದಿಲ್ಲ. ಕೀಲುಗಳನ್ನು ಊದಿಸಿ, ಉರಿಸಿ, ಕೈಬೆರಳುಗಳನ್ನು ಸೊಟ್ಟಗಾಗಿಸುತ್ತದೆ. ಲಿಂಗದಹಳ್ಳಿಯ ಅಡಕೆ ತೋಟಗಳಲ್ಲಿ ಮಳೆಗಾಲವಿಡೀ ದುಡಿಯುವವರಿಗೆ ಕೀಲುನೋವೆಂದರೇನೆಂದು ವಿವರಿಸಬೇಕಾಗಿಲ್ಲ. ಇಂಥ ರೋಗಿಗಳ ನಡುವೆಯೇ ಬಾಳನ್ನು ಸವೆಸಿದವರು ಅಮೆರಿಕದ ವೈದ್ಯ ಫಿಲಿಪ್ ಹೆಂಚ್.

ಅವರು ಜನಿಸಿದುದು 1896ರ ಫೆಬ್ರವರಿ 28ರಂದು, ಪಿಟ್ಸ್‌ಬರ್ಗ್ ನಗರದಲ್ಲಿ. 1920ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ರಾಚೆಸ್ಟರಿನ ಮೇಯೋ ಆಸ್ಪತ್ರೆಯನ್ನು ಸೇರಿದರು. ಆ ಕಾಲದಲ್ಲಿ ಸಂಧಿವಾತವು ಬಂದರೆ ಹಿಮ್ಮೆಟ್ಟದೆಂಬ ನಂಬಿಕೆಯಿದ್ದಿತು. 1929ರ ಏಪ್ರಿಲ್ 1ರಂದು 65 ವರ್ಷದ ರೋಗಿಯೊಬ್ಬರು, ತಮಗೆ ಕಾಮಾಲೆ ತಗುಲಿದ ಮೇಲೆ ಕೀಲುಗಳ ನೋವು ತಗ್ಗಿತೆಂದು ಹೇಳಿದರು. ಬೇರೆಯವರಾಗಿದ್ದರೆ ಈ ಮಾತನ್ನು ಅಲ್ಲಿಯೇ ಮರೆತುಬಿಡುತ್ತಿದ್ದರೇನೋ. ಹೆಂಚರು ಮರೆಯಲಿಲ್ಲ. ಗರ್ಭಿಣಿಯರಲ್ಲಿಯೂ ಈ ರೋಗ ಇಳಿಮುಖವಾಗುವುದನ್ನು ಕಂಡು, ದೇಹವೇ ಯಾವುದೋ ಔಷಧವನ್ನು ತಯಾರಿಸುತ್ತಿರಬೇಕೆಂದು ತರ್ಕಿಸಿದರು.

ಅದೇ ಸಂಸ್ಥೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲರು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಹಲವು ದ್ರವ್ಯಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದನ್ನು ಪ್ರಯೋಗಿಸಬೇಕೆಂದು 1941ರಲ್ಲಿಯೇ ಯೋಚನೆಯಾಗಿತ್ತು. ಆದರೆ ದ್ರವ್ಯ ಸಾಕಷ್ಟು ದೊರೆಯದು, ಯುದ್ಧವೂ ಅಡ್ಡಬಂದಿತು. ಪಶುಗಳ ಪಿತ್ತರಸದಿಂದ ಅದನ್ನು ತಯಾರಿಸುವ ಮಾರ್ಗ ದೊರೆತ ಮೇಲೆ, 1948ರ ಸೆಪ್ಟೆಂಬರ್ 21ರಂದು 29 ವರ್ಷದ ರೋಗಿಯೊಬ್ಬಳಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಹಾಸಿಗೆಯಲ್ಲಿ ಹೊರಳಲಾರದಿದ್ದವಳು ಒಂದು ವಾರದಲ್ಲಿ ಅಂಗಡಿಬೀದಿಗೆ ನಡೆದುಹೋದಳು! ಆ ದ್ರವ್ಯವೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಹಾಗೂ ರೈಕ್‌ಸ್ಟೈನರಿಗೆ ನೊಬೆಲ್ ಪಾರಿತೋಷಕ ಸಂದಿತು.

ಕೀರ್ತಿಯ ಬೆನ್ನಿಗೇ ಕಳವಳವೂ ಬಂದಿತು. ಔಷಧ ನಿಲ್ಲಿಸಿದರೆ ನೋವು ಮರಳುವುದು; ಮುಂದುವರಿಸಿದರೆ ಮುಖ ಊದುವುದು, ಮೂಳೆ ಸವೆಯುವುದು. ಕೆಲವರ ಮನಸ್ಸೇ ಕದಡುತ್ತಿತ್ತು. ಇದನ್ನು ಹೆಂಚರು ಮುಚ್ಚಿಡಲಿಲ್ಲ. ಇದು ರೋಗವನ್ನು ತಡೆಯುವುದೇ ಹೊರತು ಬೇರುಸಹಿತ ಕೀಳುವುದಿಲ್ಲವೆಂದು ಎಚ್ಚರಿಸಿದರು. ಅವರ ದೊಡ್ಡತನ ನನಗೆ ಕಾಣುವುದು ಪಾರಿತೋಷಕಕ್ಕಿಂತ ಇಲ್ಲಿಯೇ. ಆದರೆ ಮಿದುಳಿನಲ್ಲಿ ಈ ಔಷಧ ಏನು ಮಾಡುತ್ತದೆಂಬುದು ಅವರ ಕಾಲಕ್ಕೆ ತಿಳಿಯಲಿಲ್ಲ. 1965ರ ಮಾರ್ಚ್ 30ರಂದು ಅವರು ತೀರಿಕೊಂಡರು.

ಬೆಳೆದ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟದೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಹೆಂಚರು ತೀರಿಕೊಂಡ ವರ್ಷವೇ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಎಂಬುವರು, ಹುಟ್ಟಿದ ಮೇಲೂ ಇಲಿಯ ಮಿದುಳಿನಲ್ಲಿ ಹೊಸ ನರಕೋಶಗಳು ಮೂಡುವುವೆಂದು ತೋರಿಸಿದರು. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಆಕರಕೋಶಗಳು ಒಡೆದು ಒಡೆದು ಇವನ್ನು ಹುಟ್ಟಿಸುತ್ತವೆ. ಅಡ್ರಿನಲ್ ಗ್ರಂಥಿಯ ಸ್ಟೆರಾಯ್ಡ್ ಹೆಚ್ಚಾದರೆ ಈ ಹುಟ್ಟು ಕುಗ್ಗುತ್ತದೆಂದು 1992ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿದುಬಂದಿತು. ವಿಚಿತ್ರವೆಂದರೆ, ಉರಿಯೂತವೂ ಅದನ್ನು ಕುಗ್ಗಿಸುತ್ತದೆ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಉಸಿರಾಟಕ್ಕೆಂದು ಕಾರ್ಟಿಸೋನಿನ ಬಳಗದ ಡೆಕ್ಸಾಮೆಥಾಸೋನನ್ನು ವೈದ್ಯರು ಕೊಡುತ್ತಿದ್ದರು. ಅಂಥ ಕೆಲವು ಮಕ್ಕಳಲ್ಲಿ ಮಿದುಳಿನ ದೋಷದಿಂದ ಕೈಕಾಲುಗಳ ಚಲನೆ ಕುಂದಿದುದು ಕಂಡುಬರಲು, 2002ರಲ್ಲಿ ಅಮೆರಿಕದ ಶಿಶುವೈದ್ಯರ ಸಂಸ್ಥೆ ಆ ರೂಢಿ ಸಲ್ಲದೆಂದಿತು. ಅದೇ ಔಷಧ 2020ರಲ್ಲಿ ಕೋವಿಡ್ ರೋಗದಿಂದ ಉಸಿರಿಗಾಗಿ ಪರದಾಡುತ್ತಿದ್ದ ಅನೇಕರ ಪ್ರಾಣವನ್ನು ಉಳಿಸಿತು.